ಪಂದ್ಯ ಮುಗಿದ ಮೇಲಿನ ಎಂಟು ತಿಂಗಳು

ಅಮೆರಿಕದ ಹೈಸ್ಕೂಲ್ ರೊಬೊಟಿಕ್ಸ್ ತಂಡಗಳಿಗೆ ಹೊಸ ವರ್ಷ ಶುರುವಾಗುವುದು ಜನವರಿಯ ಆರಂಭದ ಒಂದು ಶನಿವಾರ. ಆ ವರ್ಷದ ಆಟ ಯಾವುದೆಂದು ‘ಫಸ್ಟ್’ ಸಂಸ್ಥೆ ಅಂದು ಪ್ರಕಟಿಸುತ್ತದೆ. ಮೈದಾನದ ಅಳತೆ, ಅಂಕ ಎಣಿಸುವ ಬಗೆ, ರೋಬಾಟ್‌ನ ತೂಕ-ಎತ್ತರದ ಮಿತಿ, ನೂರು ಪುಟ ದಾಟುವ ನಿಯಮಾವಳಿ ಎಲ್ಲವೂ ಒಟ್ಟಿಗೇ ಕೈಗೆ ಬರುತ್ತವೆ. ಅಲ್ಲಿಂದ ಫೆಬ್ರುವರಿ ಕೊನೆಯವರೆಗೆ ಮಕ್ಕಳಿಗೆ ಸರಿಯಾದ ನಿದ್ದೆ ಇಲ್ಲ. ಮಾರ್ಚ್‌ನಲ್ಲಿ ಪ್ರಾದೇಶಿಕ ಪಂದ್ಯಗಳು, ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ ಚಾಂಪಿಯನ್‌ಶಿಪ್. ಬಹುಪಾಲು ತಂಡಗಳು ಹ್ಯೂಸ್ಟನ್‌ವರೆಗೆ ಹೋಗುವುದೇ ಇಲ್ಲ; ಅವರ ಪಾಲಿಗೆ ಏಪ್ರಿಲ್ ಮೊದಲ ವಾರಗಳಲ್ಲೇ ಎಲ್ಲ ಮುಗಿದಿರುತ್ತದೆ.

ಉಳಿದ ಎಂಟು ತಿಂಗಳು ಏನು ಮಾಡಬೇಕೆಂದು ಯಾವ ನಿಯಮಾವಳಿಯೂ ಹೇಳುವುದಿಲ್ಲ. ಎಷ್ಟೋ ಶಾಲೆಗಳಲ್ಲಿ ಆ ಅವಧಿಗೆ ವರ್ಕ್‌ಶಾಪ್ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಶಾಲೆಯೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಒಂಬತ್ತನೇ ತರಗತಿಯ ಹೊಸ ಮಕ್ಕಳು ಉತ್ಸಾಹದಿಂದ ಬಂದು ಹೆಸರು ಬರೆಸುತ್ತಾರೆ, ಪಿಜ್ಜಾ ತಿನ್ನುತ್ತಾರೆ, ಒಂದೆರಡು ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಕೈಗೆ ಕೆಲಸ ಸಿಗದೆ ಅಕ್ಟೋಬರ್ ಹೊತ್ತಿಗೆ ಅರ್ಧ ಜನ ಬರುವುದನ್ನೇ ಬಿಡುತ್ತಾರೆ.

ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಲ್ಲಿ ಇಂಥದೊಂದು ತಂಡಕ್ಕೆ ನಾನು ಮೆಂಟರ್. ಇಷ್ಟು ಕಾಲ ಮಕ್ಕಳ ಜೊತೆಗಿದ್ದು ನನಗೆ ಖಚಿತವಾಗಿರುವುದು ಇದು: ತಂಡ ಉಳಿಯುವುದೋ ಅಳಿಯುವುದೋ ತೀರ್ಮಾನವಾಗುವುದು ಈ ಎಂಟು ತಿಂಗಳಲ್ಲಿ. ಜನವರಿಯಿಂದ ಏಪ್ರಿಲ್‌ವರೆಗೆ ಗೊತ್ತಿದ್ದವರು ಕೆಲಸ ಮಾಡುತ್ತಾರೆ, ಗೊತ್ತಿಲ್ಲದವರು ನಿಂತು ನೋಡುತ್ತಾರೆ. ಅಷ್ಟು ಕಡಿಮೆ ಸಮಯದಲ್ಲಿ ಬೇರೆ ದಾರಿಯೂ ಇಲ್ಲ. ಗೊತ್ತಿಲ್ಲದವರ ಕೈಗೆ ಸಲಕರಣೆ ಕೊಟ್ಟು, ಅವರು ತಪ್ಪು ಮಾಡಿ ಸರಿಪಡಿಸಿಕೊಳ್ಳುವವರೆಗೆ ಕಾಯಲು ಪುರುಸೊತ್ತು ಇರುವುದು ಹಂಗಾಮು ಮುಗಿದ ಮೇಲಿನ ಈ ಆಫ್‌ಸೀಸನ್‌ನಲ್ಲಿ ಮಾತ್ರ.

ಈ ಸ್ಪರ್ಧೆಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಸಂಶೋಧಕ ಡೀನ್ ಕೇಮನ್ 1989ರಲ್ಲಿ ‘ಫಸ್ಟ್’ ಸಂಸ್ಥೆ ಕಟ್ಟಿದರು. ಎಂಐಟಿಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಜೊತೆಯಾದರು. ಅವರು ತಮ್ಮ ವಿದ್ಯಾರ್ಥಿಗಳಿಗೆ ಒಂದು ಪೆಟ್ಟಿಗೆ ಸಾಮಾನು ಕೊಟ್ಟು, ಅದರಿಂದ ಯಂತ್ರ ಕಟ್ಟಿ ಪಂದ್ಯ ಆಡಿರೆಂದು ಕಲಿಸುತ್ತಿದ್ದ ಮೇಷ್ಟ್ರು. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಒಂದು ಹೈಸ್ಕೂಲ್ ಜಿಮ್‌ನಲ್ಲಿ ಮೊದಲ ಪಂದ್ಯ ನಡೆದಾಗ ಇದ್ದದ್ದು 28 ತಂಡ. ಇಂದು ಮೂರು ಸಾವಿರಕ್ಕೂ ಹೆಚ್ಚು. ಬಂಪರ್, ಬ್ಯಾಟರಿ ಎಲ್ಲ ಸೇರಿ 60 ಕಿಲೊ ದಾಟುವ ಆರು ರೋಬಾಟ್‌ಗಳು, ಮೂರು-ಮೂರರ ಎರಡು ಕೂಟಗಳಾಗಿ, ಸುಮಾರು 16 ಮೀಟರ್ ಉದ್ದ, 8 ಮೀಟರ್ ಅಗಲದ ಮೈದಾನದಲ್ಲಿ ಸುಮಾರು ಎರಡೂವರೆ ನಿಮಿಷ ಸೆಣಸುತ್ತವೆ. ಮೊದಲ ಕೆಲವು ಸೆಕೆಂಡು ರೋಬಾಟ್ ತನ್ನಷ್ಟಕ್ಕೆ ತಾನೇ ಓಡಬೇಕು. ಆಮೇಲೆ ಮಕ್ಕಳು ಪಾರದರ್ಶಕ ಗೋಡೆಯ ಹಿಂದೆ ನಿಂತು ಜಾಯ್‌ಸ್ಟಿಕ್ ಹಿಡಿದು ಓಡಿಸುತ್ತಾರೆ.

ಆಫ್‌ಸೀಸನ್‌ಗೆ ನೇರವಾಗಿ ಸಂಬಂಧಿಸಿದ ನಿಯಮವೂ ಒಂದಿದೆ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆಟ ಪ್ರಕಟವಾಗುವ ಮೊದಲೇ ಕಟ್ಟಿಟ್ಟ ಭಾಗಗಳನ್ನು ಆ ವರ್ಷದ ರೋಬಾಟ್‌ಗೆ ಬಳಸುವಂತಿಲ್ಲ. ಮೊದಲೇ ಬರೆದ ಕೋಡ್, ಮೊದಲೇ ಬಿಡಿಸಿದ ವಿನ್ಯಾಸ ಬಳಸಬೇಕೆಂದರೆ ಅದನ್ನು ಆಟ ಪ್ರಕಟವಾಗುವ ಮುಂಚೆಯೇ ಎಲ್ಲರಿಗೂ ಸಿಗುವಂತೆ ಇಂಟರ್‌ನೆಟ್‌ನಲ್ಲಿ ಹಾಕಿರಬೇಕು. ಅಂದರೆ ಬೇಸಿಗೆಯಲ್ಲಿ ಕಷ್ಟಪಟ್ಟು ಕಟ್ಟಿದ್ದು ಜನವರಿಯಲ್ಲಿ ಹಾಗೆಯೇ ಮೈದಾನಕ್ಕಿಳಿಯುವುದಿಲ್ಲ. ಕಟ್ಟಿದವರ ಕೈಗೆ ಬಂದ ಪಳಗಿಕೆ ಮಾತ್ರ ಇಳಿಯುತ್ತದೆ. ಈ ನಿಯಮ ಮಾಡಿದವರ ಬಗ್ಗೆ ನನಗೆ ತುಂಬ ಗೌರವವಿದೆ. ದೊಡ್ಡ ತಂಡಗಳು ತಮ್ಮ ಕೋಡ್, ತಮ್ಮ ವಿನ್ಯಾಸಗಳನ್ನು ಪ್ರತಿ ವರ್ಷ ಊರಿಗೆಲ್ಲ ಹಂಚುವ ಅಭ್ಯಾಸ ಬೆಳೆದುಬಂದದ್ದರಲ್ಲಿ ಇದರ ಪಾಲೂ ಇದೆ.

ಕೊಂಡಿ ಕಳಚಿದ ಎರಡು ವರ್ಷ

ಆಫ್‌ಸೀಸನ್ ಏಕೆ ಬೇಕೆಂದು ಕೇಳುವ ತಂದೆ-ತಾಯಿಯರಿಗೆ ನಾನು ಕೊರೊನಾ ಕಾಲದ ಲೆಕ್ಕ ಹೇಳುತ್ತೇನೆ. 2020ರ ಮಾರ್ಚ್ ಎರಡನೇ ವಾರದಲ್ಲಿ ಹಂಗಾಮು ಅರ್ಧಕ್ಕೇ ನಿಂತಿತು. ಹಲವಾರು ತಂಡಗಳು ಕಟ್ಟಿದ ರೋಬಾಟ್ ಒಂದು ಪಂದ್ಯವನ್ನೂ ಆಡದೆ ಮೂಲೆ ಸೇರಿತು. 2021ರಲ್ಲಿ ಮೈದಾನದ ಪಂದ್ಯಗಳ ಬದಲು ಮಕ್ಕಳು ತಮ್ಮ ಊರುಗಳಲ್ಲೇ ಇದ್ದು ಮಾಡುವ ಸವಾಲುಗಳು ನಡೆದವು. ಮತ್ತೆ ಎಲ್ಲರೂ ಒಂದೇ ಸೂರಿನಡಿ ಸೇರಿದ್ದು 2022ರಲ್ಲಿ.

ಅಮೆರಿಕದ ಹೈಸ್ಕೂಲ್ ಅಂದರೆ 9ರಿಂದ 12ನೇ ತರಗತಿ, ನಾಲ್ಕು ವರ್ಷ. 2022ರಲ್ಲಿ ತಂಡದಲ್ಲಿದ್ದವರ ಪೈಕಿ ಒಂದು ಪೂರ್ತಿ ಹಂಗಾಮು ಕಂಡಿದ್ದವರು 12ನೇ ತರಗತಿಯವರಷ್ಟೇ, ಅದೂ 2019ರಲ್ಲಿ, ತಾವು ಒಂಬತ್ತನೇ ತರಗತಿಯಲ್ಲಿದ್ದಾಗ. ಅಂದು ಅವರು ಹಿಂದಿನ ಸಾಲಿನಲ್ಲಿ ನಿಂತು ನೋಡಿದ ಮಕ್ಕಳು. ಪಂದ್ಯದ ಜಾಗದಲ್ಲಿ ರೋಬಾಟ್ ರಿಪೇರಿ ಮಾಡುವ ಪಿಟ್‌ನಲ್ಲಿ ಸಾಮಾನು ಹೇಗೆ ಜೋಡಿಸಬೇಕು, ಎರಡು ಪಂದ್ಯಗಳ ನಡುವಿನ ಹತ್ತು ನಿಮಿಷದಲ್ಲಿ ಏನೇನು ಪರೀಕ್ಷಿಸಬೇಕು, ತಪಾಸಣೆಯವರು ಏನೇನು ಕೇಳುತ್ತಾರೆ, ಎದುರಾಳಿಗಳ ಆಟ ನೋಡಿ ಟಿಪ್ಪಣಿ ಮಾಡುವುದು ಹೇಗೆ, ಇವೆಲ್ಲ ಬರವಣಿಗೆಯಲ್ಲಿ ಇರಲಿಲ್ಲ. 2020, 2021ರಲ್ಲಿ ಪಾಸಾಗಿ ಹೋದವರ ತಲೆಯಲ್ಲಿ ಇದ್ದವು. ಅವರ ಜೊತೆ ಹೋದವು. ಹಳೆಯ, ಹೆಸರು ಮಾಡಿದ ತಂಡಗಳೂ ಆ ವರ್ಷ ಮೊದಲಿನಿಂದ ಕಲಿಯುವವರ ಹಾಗೆ ತಡವರಿಸಿದವು. ದುಡ್ಡಿತ್ತು, ಲೇತ್ ಇತ್ತು, ಮೆಂಟರ್‌ಗಳಿದ್ದರು. ಹಿರಿಯ ಮಕ್ಕಳಿಂದ ಕಿರಿಯ ಮಕ್ಕಳಿಗೆ ದಾಟಬೇಕಾದದ್ದು ಎರಡು ವರ್ಷ ದಾಟಿರಲಿಲ್ಲ.

ಕೊರೊನಾ ಇರಲಿ ಬಿಡಲಿ, ಪ್ರತಿ ಜೂನ್‌ನಲ್ಲಿ ತಂಡದ ಕಾಲು ಭಾಗ ಎದ್ದು ಹೋಗುತ್ತದೆ. ಹೋಗುವವರೇ ಹೆಚ್ಚು ಬಲ್ಲವರು. ನಮ್ಮ ಮನೆಗಳಲ್ಲಿ ಎಷ್ಟೇ ಜನ ಊಟಕ್ಕಿದ್ದರೂ ನಾಳೆಯ ಹೆಪ್ಪಿಗೆಂದು ಒಂದು ಚಮಚ ಮೊಸರು ತೆಗೆದಿಡುತ್ತಾರಲ್ಲ, ಆ ಎಚ್ಚರ ಇಲ್ಲೂ ಬೇಕು.

ಬ್ಯಾಟರಿಯಿಂದ ಶುರು

ಆಫ್‌ಸೀಸನ್ ಅಂದಕೂಡಲೇ ಮಕ್ಕಳ ಬಾಯಲ್ಲಿ ಬರುವುದು ‘ಸ್ವರ್ವ್ ಡ್ರೈವ್’. ನಾಲ್ಕು ಚಕ್ರವೂ ಒಂದೊಂದಾಗಿ ಎತ್ತ ಬೇಕಾದರತ್ತ ತಿರುಗುವ ಚಾಲನಾ ವ್ಯವಸ್ಥೆ ಅದು. ಪ್ರತಿ ಚಕ್ರಕ್ಕೆ ಓಡಿಸಲು ಒಂದು ಮೋಟಾರು, ತಿರುಗಿಸಲು ಇನ್ನೊಂದು. ಒಟ್ಟು ಎಂಟು ಮೋಟಾರು. ರೋಬಾಟ್ ಮುಖ ಒಂದು ಕಡೆಗಿಟ್ಟು ಇನ್ನೊಂದು ಕಡೆಗೆ ಜಾರಿದಂತೆ ಓಡುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ದುಡ್ಡಿರುವ ತಂಡಕ್ಕೆ ಬೇಸಿಗೆಯ ಕೆಲಸವಾಗಿ ಅದು ಒಳ್ಳೆಯದೇ. ಆದರೆ ನಾಲ್ಕೂ ಚಕ್ರಕ್ಕೆ ಸಾವಿರಾರು ಡಾಲರ್ ಬೇಕು. ಕಟ್ಟಿದ ಮೇಲೆ ಅದರ ಕೋಡ್ ಅರ್ಥವಾಗುವುದು ತಂಡದಲ್ಲಿ ಇಬ್ಬರಿಗೆ. ಆ ಇಬ್ಬರು ಸಾಮಾನ್ಯವಾಗಿ 12ನೇ ತರಗತಿಯವರು.

ನನ್ನ ಮಾತು ನಡೆಯುವುದಾದರೆ ನಾನು ಬ್ಯಾಟರಿಯಿಂದ ಶುರು ಮಾಡಿಸುತ್ತೇನೆ. ಈ ರೋಬಾಟ್‌ಗಳಿಗೆಲ್ಲ ಒಂದೇ ಬಗೆಯ ಬ್ಯಾಟರಿ: 12 ವೋಲ್ಟ್, ಸುಮಾರು 18 ಆಂಪಿಯರ್-ಅವರ್, ಆರು ಕಿಲೊ ತೂಗುವ ಸೀಲ್ ಮಾಡಿದ ಲೆಡ್-ಆಸಿಡ್ ಬ್ಯಾಟರಿ. ಏಪ್ರಿಲ್‌ನಲ್ಲಿ ಕೊನೆಯ ಪಂದ್ಯ ಆಡಿ, ಅರ್ಧ ಖಾಲಿಯಾದ ಬ್ಯಾಟರಿಗಳನ್ನು ಹಾಗೆಯೇ ಕಪಾಟಿಗೆ ಸೇರಿಸಿ ಬೀಗ ಹಾಕಿದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ. ಜನವರಿಯಲ್ಲಿ ಚಾರ್ಜರ್‌ಗೆ ಹಾಕಿದಾಗ ಹಸಿರು ದೀಪ ಬೇಗ ಬರುತ್ತದೆ, ಮಕ್ಕಳಿಗೆ ಖುಷಿ. ಮೈದಾನದಲ್ಲಿ ಒಂದು ನಿಮಿಷ ಓಡುವಷ್ಟರಲ್ಲಿ ಸತ್ವ ಮುಗಿದಿರುತ್ತದೆ. ಬೇಸಿಗೆಯಲ್ಲಿ ಆಗಾಗ ಚಾರ್ಜ್ ತುಂಬಿಸುತ್ತಿದ್ದರೆ ಈ ನಷ್ಟವಿಲ್ಲ.

ಇದಕ್ಕಿಂತ ದೊಡ್ಡ ಪಾಠ ಬ್ಯಾಟರಿಯ ತುದಿಯಲ್ಲಿದೆ. ಆರು ಕಿಲೊ ತೂಕದ ಈ ಡಬ್ಬಕ್ಕೆ ಹಿಡಿಕೆ ಇಲ್ಲ, ದಪ್ಪ ಕೆಂಪು-ಕಪ್ಪು ವೈರ್‌ಗಳಿವೆ. ಹೊಸ ಮಕ್ಕಳು ಸಹಜವಾಗಿ ವೈರ್ ಹಿಡಿದೇ ಎತ್ತುತ್ತಾರೆ. ಹಾಗೆ ಎತ್ತಿದಷ್ಟು ಸಲ ಟರ್ಮಿನಲ್‌ನ ಬೋಲ್ಟ್ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಸಡಿಲವಾದ ಕಡೆ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ. ರೋಬಾಟ್ ಜೋರಾಗಿ ಓಡುತ್ತ ಎದುರಾಳಿಯನ್ನು ತಳ್ಳಿದ ಗಳಿಗೆಯಲ್ಲಿ ನೂರಾರು ಆಂಪಿಯರ್ ಬೇಕಾಗುತ್ತದೆ. ಆಗ ವೋಲ್ಟೇಜ್ ದಬಕ್ಕೆಂದು ಕುಸಿಯುತ್ತದೆ. ಸುಮಾರು ಆರೂವರೆ ವೋಲ್ಟ್‌ಗಿಂತ ಕೆಳಗಿಳಿದರೆ ರೋಬಾಟ್‌ನ ಕಂಪ್ಯೂಟರ್ ತನ್ನನ್ನು ಉಳಿಸಿಕೊಳ್ಳಲು ಮೋಟಾರುಗಳಿಗೆ ಹೋಗುವ ಆಜ್ಞೆಯನ್ನೇ ನಿಲ್ಲಿಸುತ್ತದೆ. ನೋಡುವವರಿಗೆ ರೋಬಾಟ್ ತೊದಲಿದಂತೆ, ಬಿಕ್ಕಳಿಸಿದಂತೆ ಕಾಣುತ್ತದೆ. ಮಕ್ಕಳು ರಾತ್ರಿಯಿಡೀ ಕೋಡ್ ಹುಡುಕುತ್ತಾರೆ. ತಪ್ಪು ಕೋಡ್‌ನಲ್ಲಿ ಇಲ್ಲ, ಕಾಲು ಸುತ್ತು ಬಿಗಿಯಬೇಕಾಗಿದ್ದ ನಟ್‌ನಲ್ಲಿದೆ.

ಇದನ್ನು ಕಲಿಸಲು ಒಂದು ಬೇಸಿಗೆ ಮಧ್ಯಾಹ್ನ ಸಾಕು. ಹೊಸ ಮಗುವಿನ ಕೈಗೆ ದಪ್ಪ ವೈರ್, ಅದರ ತುದಿಗೆ ಕೂರಿಸುವ ತಾಮ್ರದ ಲಗ್, ಕ್ರಿಂಪಿಂಗ್ ಇಕ್ಕಳ ಕೊಡಬೇಕು. ವೈರ್‌ನ ಸಿಪ್ಪೆ ಎಷ್ಟು ಸುಲಿಯಬೇಕು, ಎಳೆಗಳೆಲ್ಲ ಒಂದೂ ತಪ್ಪದೆ ಲಗ್ ಒಳಗೆ ಹೋಗಿವೆಯೇ, ಇಕ್ಕಳ ಪೂರ್ತಿ ಒತ್ತಿದೆಯೇ. ಒತ್ತಿದ ಮೇಲೆ ಲಗ್ ಹಿಡಿದು ಜೋರಾಗಿ ಜಗ್ಗಿ ನೋಡಬೇಕು. ಕಿತ್ತು ಬಂದರೆ ಮತ್ತೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಮಾಡುತ್ತಿದ್ದಾಗ ಪಕ್ಕದಲ್ಲಿದ್ದ 12ನೇ ತರಗತಿಯ ಹುಡುಗ ಎರಡು ಸಲ ಕೈ ಚಾಚಿ ಇಕ್ಕಳ ಕಸಿದುಕೊಳ್ಳಲು ನೋಡಿದ. ಅವನ ಮನೆಯವರು ಹಾಸನದ ಕಡೆಯವರು. ನನ್ನ ಜೊತೆ ಕನ್ನಡದಲ್ಲೇ ಮಾತು.

“ಬಿಡೋ, ಅವಳೇ ಮಾಡ್ಲಿ.”

“ಅಂಕಲ್, ಈಗ್ಲೇ ಎರಡು ಲಗ್ ವೇಸ್ಟ್ ಆಯ್ತು.”

“ಇನ್ನೆರಡು ಆಗ್ಲಿ. ಸೆಪ್ಟೆಂಬರ್‌ನಲ್ಲಿ ನೀನು ಕಾಲೇಜಲ್ಲಿ ಇರ್ತೀಯ. ಆಗ ಯಾರು ಮಾಡೋರು?”

ಅವನು ಕೈಗಳನ್ನು ಜೇಬಿಗೆ ಹಾಕಿಕೊಂಡು ನಿಂತ. ಅವಳ ಮೂರನೆಯ ಲಗ್ ಎಷ್ಟು ಜಗ್ಗಿದರೂ ಬರಲಿಲ್ಲ. ಆ ಹುಡುಗಿ ಈಗ ತಂಡದ ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥೆ, ಮತ್ತು ವೈರ್ ಹಿಡಿದು ಬ್ಯಾಟರಿ ಎತ್ತುವವರನ್ನು ಕಂಡರೆ ಅವಳಿಗೆ ನಿಜವಾಗಿ ಸಿಟ್ಟು ಬರುತ್ತದೆ.

ಹಿರಿಯ ಮಕ್ಕಳಿಗೆ ಆಫ್‌ಸೀಸನ್‌ನ ಅತ್ಯಂತ ಕಷ್ಟದ ಕೆಲಸ ಇದೇ, ಕೈ ಕಟ್ಟಿಕೊಂಡು ನಿಲ್ಲುವುದು. ತಾವು ಐದು ನಿಮಿಷದಲ್ಲಿ ಮಾಡಬಲ್ಲದ್ದನ್ನು ಇನ್ನೊಬ್ಬರು ಒಂದು ಗಂಟೆ ಮಾಡುವುದನ್ನು ಸಹಿಸಿಕೊಳ್ಳುವುದು ದೊಡ್ಡವರಿಗೂ ಸುಲಭವಲ್ಲ.

ನಮ್ಮಲ್ಲಿ ಮಕ್ಕಳಿಗೆ ತುಂಬ ಇಷ್ಟವಾದ ಇನ್ನೊಂದು ಅಭ್ಯಾಸವಿದೆ. ರೋಬಾಟ್‌ನ ಮೋಟಾರು ನಿಯಂತ್ರಕಗಳೆಲ್ಲ ಹಳದಿ-ಹಸಿರು ಬಣ್ಣದ ಒಂದು ಜೊತೆ ತೆಳು ವೈರ್‌ನಲ್ಲಿ ಸರಪಳಿಯಂತೆ ಪೋಣಿಸಿಕೊಂಡಿರುತ್ತವೆ. ಅದಕ್ಕೆ ‘ಕ್ಯಾನ್ ಬಸ್’ ಎನ್ನುತ್ತಾರೆ. ಎಲ್ಲೋ ಒಂದು ಕಡೆ ಕೊಂಡಿ ಸಡಿಲವಾದರೆ ಅದರಾಚೆಗಿನವೆಲ್ಲ ಕಂಪ್ಯೂಟರ್‌ಗೆ ಕಾಣದಾಗುತ್ತವೆ. ಮೆಂಟರ್ ಒಬ್ಬರು ಮಕ್ಕಳಿಲ್ಲದಾಗ ಬೇಕೆಂದೇ ಒಂದು ಕೊಂಡಿ ಬಿಡಿಸಿಡುತ್ತಾರೆ. ಹೊಸಬರು ಬಂದು ಹುಡುಕಬೇಕು. ಹಿರಿಯರು ಬಾಯಿ ಬಿಡುವಂತಿಲ್ಲ. ಸರಪಳಿಯ ಎರಡು ತುದಿಗೂ 120 ಓಮ್‌ನ ರೋಧಕಗಳಿರುವುದರಿಂದ, ಪವರ್ ಆರಿಸಿ ಹಳದಿ-ಹಸಿರು ವೈರ್‌ಗಳ ನಡುವೆ ಮಲ್ಟಿಮೀಟರ್ ಇಟ್ಟರೆ 60 ಓಮ್ ತೋರಿಸಬೇಕು. 120 ತೋರಿಸಿದರೆ ಎಲ್ಲೋ ಕಡಿದಿದೆ. ಎರಡು ರೋಧಕಗಳನ್ನು ಸಮಾಂತರವಾಗಿ ಜೋಡಿಸಿದರೆ ಏನಾಗುತ್ತದೆಂದು ಭೌತಶಾಸ್ತ್ರದ ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿದ್ದ ಮಗುವಿಗೆ ಅದು ತನ್ನ ಕೈಯಲ್ಲಿನ ಮೀಟರ್‌ನ ಮುಳ್ಳಾಗಿ ಕಾಣುವುದು ಅಂದೇ ಮೊದಲು.

ಏಕೆ ಎಂದು ಬರೆದಿಡುವುದು

ಹೋಗುವವರಿಂದ ಬರೆಸಿಕೊಳ್ಳಬೇಕೆಂದು ಎಲ್ಲ ತಂಡಗಳಿಗೂ ಗೊತ್ತು. ಆದರೆ ಬರೆಸುವುದೆಲ್ಲ ‘ಏನು’ ಮತ್ತು ‘ಹೇಗೆ’. ಈ ಭಾಗದ ಚಿತ್ರ, ಆ ಮೋಟಾರಿನ ಸಂಖ್ಯೆ, ಗೇರ್ ಅನುಪಾತ. ಇವೆಲ್ಲ ರೋಬಾಟ್ ನೋಡಿದರೇ ತಿಳಿಯುತ್ತವೆ. ರೋಬಾಟ್ ನೋಡಿ ತಿಳಿಯದೇ ಇರುವುದು, ಹಾಗೆಯೇ ಏಕೆ ಮಾಡಿದರು ಎಂಬುದು.

ಒಂದು ಉದಾಹರಣೆ. ನೆಲದಿಂದ ಚೆಂಡು ಎತ್ತಿಕೊಳ್ಳುವ ತೋಳು ಬಂಪರ್‌ನಿಂದ ಹೊರಗೆ ಚಾಚಿಕೊಂಡಿರುತ್ತದೆ. ಅದರ ಪಕ್ಕದ ಪಟ್ಟಿಗಳು ಪಾರದರ್ಶಕ ಪಾಲಿಕಾರ್ಬೊನೇಟ್‌ನವು. ಮುಂದಿನ ವರ್ಷದ ಹುಡುಗನಿಗೆ ಅದು ಪ್ಲಾಸ್ಟಿಕ್. ಪ್ಲಾಸ್ಟಿಕ್‌ಗಿಂತ ಅಲ್ಯೂಮಿನಿಯಂ ಗಟ್ಟಿ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ, ಅವನು ಬದಲಾಯಿಸುತ್ತಾನೆ. ಮೊದಲ ಪಂದ್ಯದಲ್ಲಿ 60 ಕಿಲೊ ತೂಕದ ಇನ್ನೊಂದು ರೋಬಾಟ್ ಬಂದು ಗುದ್ದುತ್ತದೆ. ಅಲ್ಯೂಮಿನಿಯಂ ಬಾಗುತ್ತದೆ, ಬಾಗಿದ್ದು ಬಾಗಿಯೇ ಇರುತ್ತದೆ, ತೋಳು ಒಳಗೆ ಮಡಚಿಕೊಳ್ಳುವುದಿಲ್ಲ. ಪಾಲಿಕಾರ್ಬೊನೇಟ್ ಆಗಿದ್ದರೆ ಬಳುಕಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತಿತ್ತು. ಅದನ್ನು ಆರಿಸಿದ್ದ ಹುಡುಗಿ ಹಿಂದಿನ ವರ್ಷ ಅಲ್ಯೂಮಿನಿಯಂ ಪಟ್ಟಿಗಳನ್ನು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿ ಮಾಡಿ ಸಾಕಾಗಿ ಈ ತೀರ್ಮಾನಕ್ಕೆ ಬಂದಿದ್ದವಳು. ಅದನ್ನು ಎರಡು ಸಾಲಿನಲ್ಲಿ ಬರೆದಿಟ್ಟಿದ್ದರೆ ಒಂದು ಪಂದ್ಯ ಉಳಿಯುತ್ತಿತ್ತು.

ಆದ್ದರಿಂದ ಮೇ ತಿಂಗಳಲ್ಲಿ, ರೋಬಾಟ್ ಬಿಚ್ಚುವ ಮೊದಲು, ಹೋಗುವವರನ್ನು ಒಬ್ಬೊಬ್ಬರನ್ನಾಗಿ ಅದರ ಪಕ್ಕ ಕೂರಿಸಿ ಕಿರಿಯರಿಂದ ಪ್ರಶ್ನೆ ಕೇಳಿಸಬೇಕು. ಇಲ್ಲಿ ಏಕೆ ತೂತು? ಈ ಬೋಲ್ಟ್ ಏಕೆ ಉಲ್ಟಾ? ಮೊದಲು ಏನು ಮಾಡಿ ಕೆಟ್ಟಿತ್ತು? ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಆಮೇಲೆ ಕಿರಿಯರೇ ಬರೆಯಲಿ. ಹಿರಿಯರಿಗೆ ಬರೆಯಲು ಹೇಳಿದರೆ ಅವರು ಬರೆಯುವುದಿಲ್ಲ. ಅವರ ಮನಸ್ಸು ಆಗಲೇ ಕಾಲೇಜಿನಲ್ಲಿರುತ್ತದೆ. ಬರೆದರೂ ತಮಗೆ ತೀರಾ ಸಹಜವೆನಿಸಿದ್ದನ್ನೆಲ್ಲ ಬಿಟ್ಟುಬಿಡುತ್ತಾರೆ. ಕಿರಿಯರಿಗೆ ಬೇಕಾದದ್ದು ಆ ಬಿಟ್ಟದ್ದೇ.

ಕೋಡ್‌ನ ಮಾತೂ ಹಾಗೆಯೇ. ಈ ಸ್ಪರ್ಧೆಯ ರೋಬಾಟ್‌ಗಳಿಗೆ ಬೇಕಾದ ತಂತ್ರಾಂಶದ ಮೂಲ ಕೋಡ್ ಸಂಗ್ರಹ ‘ಡಬ್ಲ್ಯುಪಿಐಲಿಬ್’. ವುಸ್ಟರ್ ಪಾಲಿಟೆಕ್ನಿಕ್ ಇನ್‌ಸ್ಟಿಟ್ಯೂಟ್‌ನಲ್ಲಿ ಹುಟ್ಟಿದ್ದು. ಜಾವಾ, ಸಿ++, ಪೈಥಾನ್ ಯಾವುದರಲ್ಲಾದರೂ ಬರೆಯಬಹುದು. ಇದರಲ್ಲಿ ಸಿಮ್ಯುಲೇಷನ್ ಇರುವುದರಿಂದ ರೋಬಾಟ್ ಇಲ್ಲದೆಯೂ ಮನೆಯಲ್ಲಿ ಕುಳಿತು ಕಲಿಯಬಹುದು. ಶಾಲೆ ಮುಚ್ಚಿರುವ ಜುಲೈಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಸಣ್ಣ ತಂಡಗಳಿಗೆ, ಮುಖ್ಯವಾಗಿ ಊರಾಚೆಯ, ಪ್ರಾಯೋಜಕರಿಲ್ಲದ ಶಾಲೆಗಳಿಗೆ, ನಾನು ಹೇಳುವುದು ‘ಎವರಿಬಾಟ್’ ಕಟ್ಟಿ ಎಂದು. ಟೆಕ್ಸಾಸ್‌ನ 118ನೇ ಸಂಖ್ಯೆಯ ‘ರೋಬೊನಾಟ್ಸ್’ ತಂಡ ಪ್ರತಿ ಹಂಗಾಮಿಗೂ ಕಡಿಮೆ ಖರ್ಚಿನ, ಸರಳ ಸಲಕರಣೆಗಳಲ್ಲೇ ಕಟ್ಟಬಹುದಾದ ರೋಬಾಟ್‌ನ ವಿನ್ಯಾಸವನ್ನು ಎಲ್ಲರಿಗೂ ಬಿಡುಗಡೆ ಮಾಡುತ್ತದೆ. ಕಳೆದ ವರ್ಷದ ಎವರಿಬಾಟನ್ನು ಬೇಸಿಗೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಹೊಸಬರೇ ಕಟ್ಟಿದರೆ ಜನವರಿಯ ಭಯ ಅರ್ಧ ಕಡಿಮೆಯಾಗುತ್ತದೆ. ಅಗ್ರ ತಂಡವೊಂದು ತನ್ನ ವೇಳೆಯನ್ನು ಬಡ ತಂಡಗಳಿಗಾಗಿ ಹೀಗೆ ಮೀಸಲಿಡುವುದು ನನ್ನ ಮಟ್ಟಿಗೆ ಈ ಇಡೀ ಆಂದೋಲನದ ಅತಿ ದೊಡ್ಡ ಸಂಗತಿ.

ಜಾಯ್‌ಸ್ಟಿಕ್ ಯಾರ ಕೈಗೆ?

ಜುಲೈನಿಂದ ನವೆಂಬರ್‌ವರೆಗೆ ಅಲ್ಲಲ್ಲಿ ಆಫ್‌ಸೀಸನ್ ಪಂದ್ಯಗಳು ನಡೆಯುತ್ತವೆ. ಹಳೆಯ ಆಟ, ಹಳೆಯ ರೋಬಾಟ್‌ಗಳು, ಸ್ವಲ್ಪ ಸಡಿಲ ನಿಯಮಗಳು. ಇಂಡಿಯಾನಾದಲ್ಲಿ ಬೇಸಿಗೆಯಲ್ಲಿ ನಡೆಯುವ ‘ಇಂಡಿಯಾನಾ ರೊಬೊಟಿಕ್ಸ್ ಇನ್ವಿಟೇಷನಲ್’ಗೆ ಆಹ್ವಾನ ಬಂದವರೇ ಬರಬೇಕು; ದೇಶದ ಘಟಾನುಘಟಿಗಳು ಅಲ್ಲಿ ಸೇರುತ್ತಾರೆ. ನಮ್ಮ ಕೊಲ್ಲಿ ಪ್ರದೇಶದಲ್ಲಿ ‘ಕ್ಯಾಲ್‌ಗೇಮ್ಸ್’ ಇದೆ. ಚಾಂಪಿಯನ್‌ಶಿಪ್ ಹಲವು ಸಲ ಗೆದ್ದಿರುವ 254ನೇ ಸಂಖ್ಯೆಯ ‘ಚೀಸಿ ಪೂಫ್ಸ್’ ತಂಡ ಸ್ಯಾನ್ ಹೊಸೆಯಲ್ಲಿ ನಡೆಸುವ ‘ಚೀಸಿ ಚಾಂಪ್ಸ್’ ಇದೆ.

ಇಲ್ಲಿ ಒಂದು ಆಸೆ ಎದುರಾಗುತ್ತದೆ. ಮಾರ್ಚ್‌ನಲ್ಲಿ ಕೈತಪ್ಪಿದ ಟ್ರೋಫಿ ಈಗ ಸಿಗಬಹುದು. ಹಳೆಯ ಡ್ರೈವರ್‌ನನ್ನೇ ನಿಲ್ಲಿಸೋಣ. ಜೂನ್‌ನಲ್ಲಿ ಪಾಸಾಗಿ ಹೋದವನು ಜುಲೈನಲ್ಲಿ ಇನ್ನೂ ಊರಲ್ಲೇ ಇರುತ್ತಾನೆ, ಕರೆದರೆ ಬರುತ್ತಾನೆ. ಗೆಲ್ಲುವ ಖುಷಿ ನನಗೂ ಬೇಕು. ಆದರೂ ಆ ಜಾಗಕ್ಕೆ ಹತ್ತನೇ ತರಗತಿಯವರನ್ನೇ ಕಳಿಸಬೇಕೆಂಬುದು ನನ್ನ ಹಟ. ಪಾರದರ್ಶಕ ಗೋಡೆಯ ಹಿಂದೆ ನಿಂತಾಗ ಮೈದಾನದ ಆ ತುದಿಯಲ್ಲಿರುವ ರೋಬಾಟ್ ಹಿಡಿ ಗಾತ್ರ ಕಾಣುತ್ತದೆ. ನಡುವೆ ಐದು ರೋಬಾಟ್‌ಗಳು ಅಡ್ಡ. ಕಿವಿಯಲ್ಲಿ ಜನರ ಕೂಗು, ಪಕ್ಕದಲ್ಲಿ ಕೋಚ್ ಸೆಕೆಂಡು ಎಣಿಸುವ ದನಿ. ಶಾಲೆಯ ಪಾರ್ಕಿಂಗ್ ಜಾಗದಲ್ಲಿ ಎಷ್ಟು ಓಡಿಸಿದರೂ ಇದರ ಅಭ್ಯಾಸ ಆಗುವುದಿಲ್ಲ. ಹುಡುಗಿಯರೇ ಡ್ರೈವ್ ಮಾಡಬೇಕೆಂಬ ನಿಯಮವಿರುವ ಆಫ್‌ಸೀಸನ್ ಪಂದ್ಯಗಳೂ ಇವೆ. ತಂಡದಲ್ಲಿ ಹುಡುಗಿಯರಿದ್ದೂ ಜಾಯ್‌ಸ್ಟಿಕ್ ಹುಡುಗರ ಕೈಯಲ್ಲೇ ಉಳಿಯುವುದನ್ನು ಕಂಡವರಿಗೆ ಅವುಗಳ ಬೆಲೆ ಗೊತ್ತು.

ಶರತ್ಕಾಲದಲ್ಲಿ ಇನ್ನೊಂದು ಕೆಲಸವಿದೆ. ಚಿಕ್ಕ ಮಕ್ಕಳ ‘ಲೆಗೊ ಲೀಗ್’ ಹಂಗಾಮು ಆಗಸ್ಟ್‌ನಲ್ಲಿ ಶುರುವಾಗಿ ನವೆಂಬರ್-ಡಿಸೆಂಬರ್‌ನಲ್ಲಿ ಪಂದ್ಯಗಳಿಗೆ ಬರುತ್ತದೆ. ಹೈಸ್ಕೂಲ್ ತಂಡಗಳು ಅವರಿಗೆ ಕಲಿಸಲು, ಪಂದ್ಯ ನಡೆಸಲು ಹೋಗುತ್ತವೆ. ಹತ್ತು ವರ್ಷದ ಮಗುವಿಗೆ ಗೇರ್ ಅನುಪಾತ ವಿವರಿಸಲು ಕುಳಿತ ಹದಿನೈದರ ಹುಡುಗ ತನಗೆ ಅದು ಪೂರ್ತಿ ಅರ್ಥವಾಗಿಲ್ಲವೆಂದು ಕಂಡುಕೊಂಡು ಮನೆಗೆ ಹೋಗಿ ಓದುತ್ತಾನೆ.

ದುಡ್ಡಿನ ವಿಚಾರ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಒಂದು ಹಂಗಾಮಿನ ನೋಂದಣಿ ಶುಲ್ಕವೇ ಸಾವಿರಾರು ಡಾಲರ್. ಸಾಮಾನು, ಪ್ರಯಾಣ ಬೇರೆ. ಕಂಪನಿಗಳಿಗೆ ಪತ್ರ ಬರೆಯಬೇಕಾದದ್ದು ಬೇಸಿಗೆಯಲ್ಲಿ. ಜನವರಿಯಲ್ಲಿ ಬರೆದರೆ ಉತ್ತರ ಬರುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. ಪತ್ರವನ್ನು ಮಕ್ಕಳೇ ಬರೆಯಲಿ, ರೋಬಾಟ್ ಹೊತ್ತು ಮಕ್ಕಳೇ ಹೋಗಿ ತೋರಿಸಲಿ.

ವಿಶ್ರಾಂತಿಯೂ ಬೇಕು. ಜನವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೆ ಆರು ದಿನ ಬಂದ ಮಕ್ಕಳನ್ನು ಮೇ ತಿಂಗಳಲ್ಲೂ ಹಾಗೆಯೇ ಕರೆದರೆ ಒಳ್ಳೆಯ ಮಕ್ಕಳೇ ಮೊದಲು ಬಿಟ್ಟುಹೋಗುತ್ತಾರೆ. ಮೇ ಕೊನೆಯಿಂದ ಜೂನ್ ಕೊನೆಯವರೆಗೆ ಪೂರ್ತಿ ರಜೆ, ಆಮೇಲೆ ವಾರಕ್ಕೆ ಎರಡು ಸಂಜೆ ಸಾಕು. 12ನೇ ತರಗತಿಯವರನ್ನು ಅಕ್ಟೋಬರ್-ನವೆಂಬರ್‌ನಲ್ಲಿ ಒತ್ತಾಯಿಸಬಾರದು. ಹಲವು ಕಾಲೇಜು ಅರ್ಜಿಗಳ ಗಡುವು ಆಗಲೇ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ನವೆಂಬರ್ ಕೊನೆಗೆ ಬರುತ್ತದೆ. ಆ ಎರಡು ತಿಂಗಳು ಕಿರಿಯರು ತಂಡ ನಡೆಸಲಿ. ಅದು ಅವರಿಗೂ ಒಳ್ಳೆಯದು.

ಊರಿನ ಕಡೆ

ನಮ್ಮ ಕನ್ನಡದ ಮನೆಗಳ ಮಕ್ಕಳು ಜೂನ್-ಜುಲೈನಲ್ಲಿ ಅಜ್ಜ-ಅಜ್ಜಿಯರನ್ನು ನೋಡಲು ಬೆಂಗಳೂರಿಗೆ, ಮೈಸೂರಿಗೆ, ಹುಬ್ಬಳ್ಳಿಗೆ ಹೋಗುತ್ತಾರೆ. ಹೋಗಬೇಕಾದದ್ದೇ. ಈಚೆಗೆ ಕೆಲವರು ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ರೊಬೊಟಿಕ್ಸ್ ಶಿಬಿರ ನಡೆಸಿ ಬರುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ಎರಡು ವಾರದ ಶಿಬಿರ ಮುಗಿದು ಸೂಟ್‌ಕೇಸ್ ಕಟ್ಟಿದ ಮೇಲೆ ಅಲ್ಲಿ ಏನು ಉಳಿಯಿತು ಎಂದು ಅವರನ್ನು ಕೇಳುತ್ತೇನೆ. ಆ ಶಾಲೆಯ ಒಬ್ಬ ಮೇಷ್ಟ್ರಿಗೋ ಟೀಚರಿಗೋ ಕೈ ಹಿಡಿದು ಕಲಿಸಿ, ವರ್ಷವಿಡೀ ವಾರಕ್ಕೊಮ್ಮೆ ಫೋನಿನಲ್ಲಿ ಅವರ ಜೊತೆಗಿದ್ದರೆ ಶಿಬಿರಕ್ಕಿಂತ ಹೆಚ್ಚು ಫಲ ಸಿಗುತ್ತದೆ.

ಕರ್ನಾಟಕದಲ್ಲಿ ಈ ದಾಟಿಸುವ ಕೆಲಸ ಇನ್ನೂ ಕಷ್ಟದ್ದು. ಕೇಂದ್ರ ಸರ್ಕಾರದ ಅಟಲ್ ಇನ್ನೊವೇಷನ್ ಮಿಷನ್ 2016ರಿಂದ ದೇಶದ 10 ಸಾವಿರ ಶಾಲೆಗಳಲ್ಲಿ ಟಿಂಕರಿಂಗ್ ಲ್ಯಾಬ್‌ಗಳನ್ನು ತೆರೆದಿದೆ. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು. 3-ಡಿ ಪ್ರಿಂಟರ್, ಆರ್ಡುಯಿನೊ, ಸೆನ್ಸರ್ ಎಲ್ಲ ಬಂದಿವೆ. ಆದರೆ ಕರ್ನಾಟಕದಲ್ಲಿ ಹೈಸ್ಕೂಲ್ ಅಂದರೆ 8, 9, 10, ಮೂರೇ ವರ್ಷ. ಅದರಲ್ಲೂ ಹತ್ತನೇ ತರಗತಿಯವರು ಬೋರ್ಡ್ ಪರೀಕ್ಷೆಯ ಕಡೆ. ಪಿಯುಗೆ ಎಷ್ಟೋ ಮಕ್ಕಳು ಬೇರೆ ಕಾಲೇಜಿಗೆ ಹೋಗುತ್ತಾರೆ. ಲ್ಯಾಬ್ ನೋಡಿಕೊಳ್ಳುತ್ತಿದ್ದ ವಿಜ್ಞಾನದ ಮೇಷ್ಟ್ರಿಗೆ ವರ್ಗಾವಣೆಯಾದರೆ ಬೀಗದ ಕೈ ಯಾರಲ್ಲಿದೆ ಎಂಬುದೂ ಗೊತ್ತಿರುವುದಿಲ್ಲ. ಅಲ್ಲಿ ಎಂಟನೇ ತರಗತಿಯ ಮಗುವಿಗೆ ಜೂನ್‌ನಲ್ಲೇ ಲ್ಯಾಬ್ ಬಾಗಿಲು ತೆರೆಯಬೇಕು, ಕಲಿಸುವ ಹೊಣೆ ಒಂಬತ್ತನೇ ತರಗತಿಯವರಿಗೆ ವಹಿಸಬೇಕು. ಪ್ರದರ್ಶನಕ್ಕೆ ಒಂದು ಮಾದರಿ ಮಾಡಿಸಿ ಫೋಟೊ ತೆಗೆದುಕೊಳ್ಳುವುದಕ್ಕಿಂತ ಇದು ಮುಖ್ಯವೆಂದು ಮುಖ್ಯೋಪಾಧ್ಯಾಯರಿಗೆ ಅನ್ನಿಸಬೇಕು. ಎಂಜಿನಿಯರಿಂಗ್ ಕಾಲೇಜುಗಳ ರೋಬೊಕಾನ್ ಸ್ಪರ್ಧೆಯ ತಂಡಗಳಲ್ಲೂ ಕತೆ ಬೇರೆಯಲ್ಲ. ಕೊನೆಯ ವರ್ಷದವರು ಕ್ಯಾಂಪಸ್ ಸಂದರ್ಶನಕ್ಕೆ ಹೋದ ದಿನದಿಂದ ಮೂಲೆಯಲ್ಲಿರುವ ಯಂತ್ರದ ಭಾಷೆ ಬಲ್ಲವರು ಇರುವುದಿಲ್ಲ.

ಡಿಸೆಂಬರ್ ಮೊದಲ ವಾರಗಳಲ್ಲಿ ನಾವು ಒಂದು ಪರೀಕ್ಷೆ ಇಡುತ್ತೇವೆ. ಒಂದು ಶನಿವಾರ 11, 12ನೇ ತರಗತಿಯವರಿಗೆ ವರ್ಕ್‌ಶಾಪ್‌ಗೆ ಪ್ರವೇಶವಿಲ್ಲ. ಒಂಬತ್ತು, ಹತ್ತನೇ ತರಗತಿಯವರ ಮುಂದೆ ಚೌಕಟ್ಟು, ಚಕ್ರ, ಮೋಟಾರು, ವೈರ್, ಕಂಪ್ಯೂಟರ್, ಬ್ಯಾಟರಿ ಬಿಡಿಬಿಡಿಯಾಗಿ ಇರುತ್ತವೆ. ಸಂಜೆಯೊಳಗೆ ಅದು ಓಡಬೇಕು. ಮೆಂಟರ್‌ಗಳು ಅಲ್ಲೇ ಇರುತ್ತಾರೆ. ಯಾರಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದಷ್ಟೇ ಅವರ ಕೆಲಸ. ಮಕ್ಕಳು ಎಲ್ಲೆಲ್ಲಿ ನಿಂತುಬಿಟ್ಟರು, ಯಾವ ಸಲಕರಣೆಯ ಹೆಸರು ತಿಳಿಯಲಿಲ್ಲ, ಕೋಡ್ ಹಾಕುವಾಗ ಎಲ್ಲಿ ಸಿಕ್ಕಿಕೊಂಡರು ಎಂಬುದನ್ನು ಒಬ್ಬರು ಬರೆದುಕೊಳ್ಳುತ್ತಾರೆ. ಸೋಮವಾರ ಹಿರಿಯರು ಬಂದಾಗ ಆ ಪಟ್ಟಿ ಬಿಳಿ ಹಲಗೆಯ ಮೇಲಿರುತ್ತದೆ, ಪ್ರತಿ ಸಾಲಿನ ಮುಂದೆ ಅದನ್ನು ಕಲಿಸುವವರ ಹೆಸರಿರುತ್ತದೆ. ಆಟ ಪ್ರಕಟವಾಗಲು ಆಗ ಇನ್ನೂ ಮೂರ್ನಾಲ್ಕು ವಾರ ಬಾಕಿ.